ಬೂದಿ ಬಣ್ಣದ ದಾರ ಯಾರದು?

ಮನೆಯಲ್ಲಿ ಹಾಲು ಉಕ್ಕಿತು ಅಂದರೆ ಅವಳು "ತಪ್ಪಾಯ್ತು" ಅನ್ನುತ್ತಿದ್ದಳು. ಒಲೆ ಮುಂದೆ ನಿಂತಿದ್ದವನು ಗಂಡ. ಬಾಗಿಲ ಚಿಲಕ ಕಿತ್ತು ಕೈಗೆ ಬಂತು ಅಂದರೆ "ನಾನೇ ಜೋರಾಗಿ ಎಳೆದಿದ್ದೆ ಅನ್ಸುತ್ತೆ" ಅನ್ನುತ್ತಿದ್ದಳು. ಎಳೆದವರು ಅತ್ತೆ. ಬೀದಿಯಲ್ಲಿ ಯಾರಾದರೂ ಅವಳ ಕಾಲು ತುಳಿದರೆ, ತುಳಿಸಿಕೊಂಡವಳೇ "ಸಾರಿ" ಹೇಳಿ ಪಕ್ಕಕ್ಕೆ ಸರಿಯುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನಾದರೂ ಕದ್ದಿದ್ದ. ಇವಳು ಕದಿಯದೆಯೇ ಹೆಗಲು ಮುಟ್ಟಿಕೊಳ್ಳುವವಳು. ಇಂಥವರು ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಇಲ್ಲ ಅನ್ನಬೇಡಿ, ಸರಿಯಾಗಿ ನೋಡಿ.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ಹೊಲಿಗೆ ಶೆಡ್ಡಿನಲ್ಲಿ. ಅಲ್ಲಿ ಆಸ್ಪತ್ರೆಗಳಿಗೆ ಬಿಳಿ ಕೋಟು ಹೊಲಿಯುತ್ತಿದ್ದರು. ಯಾರು ಏನು ಹೇಳಿದರೂ "ಆಯ್ತು" ಅನ್ನುತ್ತಾಳೆ ಅಂತ ಶೆಡ್ಡಿನವರು ಅವಳಿಗೆ ಇಟ್ಟ ಹೆಸರು ಆಯ್ತಕ್ಕ. ಆ ಹೆಸರಿಗೂ ಅವಳು ಆಯ್ತು ಅಂದಿದ್ದಳು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಕೋಟು ಮುಗಿಸಿದವಳು ಕಾಲರಿನ ಒಳಗಡೆ ತನ್ನ ಬಣ್ಣದ ದಾರದಲ್ಲಿ ಒಂದು ಪುಟ್ಟ ಗುರುತಿನ ಹೊಲಿಗೆ ಹಾಕಬೇಕು. ಕೆಂಪು ಒಬ್ಬಳದು, ನೀಲಿ ಇನ್ನೊಬ್ಬಳದು. ಕೋಟು ಕೆಟ್ಟರೆ ಯಾರ ಕೈಯಿಂದ ಕೆಟ್ಟಿತು ಅಂತ ಗೊತ್ತಾಗಲಿ ಅಂತ ಈ ಏರ್ಪಾಡು. ಅವಳು ಕೆಲಸಕ್ಕೆ ಸೇರಿದ ದಿನ ಶೆಡ್ಡು ನೋಡಿಕೊಳ್ಳುವ ಮಾಸ್ತರ್ ದಾರದ ಡಬ್ಬಿ ತಡಕಿ, ಯಾರಿಗೂ ಬೇಡವಾಗಿದ್ದ ಬೂದಿ ಬಣ್ಣದ ರೀಲೊಂದನ್ನು ತೆಗೆದು "ಇದು ಆಗುತ್ತಾ?" ಅಂದರು. "ಆಯ್ತು" ಅಂದಳು.

ಪಕ್ಕದ ಮಷಿನ್ನಿನಲ್ಲಿ ಪೌಡರಕ್ಕ ಕೂರುತ್ತಿದ್ದಳು. ಮುಖಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಪೌಡರ್ ಬಳಿದುಕೊಂಡು ಬರುತ್ತಿದ್ದರಿಂದ ಆ ಹೆಸರು. ಒಂದು ದಿನ ಅವಳು, "ಅಕ್ಕಾ, ನನ್ನ ರೀಲು ಮುಗೀತು, ನಿನ್ನದು ಕೊಡು" ಅಂದಳು. ಆಯ್ತು. ಆಮೇಲೆ ಹಿಂದಿನ ಸಾಲಿನವರೂ ಕೇಳಿದರು. ಅವರಿಗೂ ಆಯ್ತು. ಬರಬರುತ್ತಾ ಕೇಳುವುದೂ ನಿಂತುಹೋಯಿತು, ತಾವೇ ಎತ್ತಿಕೊಳ್ಳುತ್ತಿದ್ದರು. ಜೇಬು ಸೊಟ್ಟಗೆ ಕೂತ ಕೋಟು, ತೋಳು ಏರುಪೇರಾದ ಕೋಟು, ಎಲ್ಲದರ ಕಾಲರಿನಲ್ಲೂ ಬೂದಿ ದಾರ. ಚೆನ್ನಾಗಿ ಬಂದದ್ದಕ್ಕೆ ಮಾತ್ರ ಅವರವರ ಬಣ್ಣ. ಅವಳಿಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು.

ಸಂಜೆ ಮಾಸ್ತರ್ ಬೈಯುತ್ತಿದ್ದರು. ಅವಳು "ತಪ್ಪಾಯ್ತು ಮಾಸ್ತರ್" ಅನ್ನುತ್ತಿದ್ದಳು. ಆಗ ಪೌಡರಕ್ಕನ ಮಷಿನ್ ಎಂದಿಗಿಂತ ಜೋರಾಗಿ ಓಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಎಮ್ಮೆಯೇ ಬಂದು ಬೆನ್ನು ಕೊಡುತ್ತಿತ್ತು.

ಕೊನೆಗೆ ಮಾಸ್ತರ್ ಒಂದು ಮಾತು ಹೇಳಿಯೇ ಬಿಟ್ಟರು. "ಇನ್ನೊಂದು ಸಲ ಆಸ್ಪತ್ರೆಯಿಂದ ಕೋಟು ವಾಪಸ್ ಬಂತೋ, ಮಷಿನ್ ಬಿಟ್ಟು ದಾರ ಕತ್ತರಿಸೋ ಟೇಬಲ್ಲಿಗೆ ಹೋಗಿ ಕೂತ್ಕೋ."

ಆ ಟೇಬಲ್ಲಿಗೆ ಹೋದವರು ಮತ್ತೆ ಮಷಿನ್ ಮುಟ್ಟಿದ್ದಿಲ್ಲ. ದಿನವಿಡೀ ಕತ್ತರಿ ಹಿಡಿದು ಬೇರೆಯವರು ಹೊಲಿದ ಬಟ್ಟೆಯ ಬಾಲ ಕತ್ತರಿಸುವುದಷ್ಟೇ. ಅವಳಿಗೋ, ಕಿಟಕಿ ಪಕ್ಕದ ಆ ಹಳೇ ಮಷಿನ್ ಅಂದರೆ ಜೀವ. ಚಿಕ್ಕಂದಿನಲ್ಲಿ ಚಿಕ್ಕಮ್ಮನ ತೊಡೆಯ ಮೇಲೆ ಕೂತು ಕಲಿತ ವಿದ್ಯೆ ಅದು. ಇಡೀ ದಿನದಲ್ಲಿ ತಾನು ಅಂತ ಅವಳಿಗೆ ಅನ್ನಿಸುತ್ತಿದ್ದದ್ದು ಆ ಸೂಜಿ ಓಡುವಾಗ ಮಾತ್ರ.

ಅವಳಿಗೆ ಕೆಲವು ದಿನಗಳಿಂದ ದವಡೆ ನೋಯುತ್ತಿತ್ತು, ಆ ವಾರ ಅದು ಹೆಚ್ಚಾಯಿತು. ಮೇಲಿನ ಮನೆಯ ನರ್ಸಕ್ಕ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಇವಳು ಹೋಗಿ ದವಡೆ ತೋರಿಸಿದಳು. ಜೊತೆಗೆ ಅತ್ತೆಯೂ ಇದ್ದರು.

"ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ಯಾ?"

"ಹೋಗಿದ್ದೆ. ಹಲ್ಲು ಚೆನ್ನಾಗಿದೆಯಂತೆ. ನಿದ್ದೇಲಿ ಹಲ್ಲು ಕಚ್ತೀಯ ಅಂದ್ರು."

"ಏನನ್ನ ನುಂಗ್ಕೊಂಡು ಮಲಗ್ತೀಯ?" ಅಂತ ನರ್ಸಕ್ಕ ಕೇಳಿದಳು.

ಅತ್ತೆ ನಡುವೆ ಬಾಯಿ ಹಾಕಿದರು. "ನಮ್ಮ ಸೊಸೆ ಬಂಗಾರ ಕಣಮ್ಮ. ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ."

"ಅದಕ್ಕೇ ಅಮ್ಮ, ತನ್ನ ಹಲ್ಲನ್ನೇ ತಾನು ಕಚ್ಕೊಳ್ತಿದ್ದಾಳೆ."

ನರ್ಸಕ್ಕ ಬಟ್ಟೆಯ ಬುಟ್ಟಿ ಕೆಳಗಿಟ್ಟು ಅವಳ ಕಡೆ ತಿರುಗಿದಳು. "ಒಂದು ಪ್ರಶ್ನೆ ಕೇಳ್ತೀನಿ. ನಿನಗೆ ಯಾವ ಬಣ್ಣ ಇಷ್ಟ?"

"ಇವರಿಗೆ ನೀಲಿ ಅಂದ್ರೆ ಆಗುತ್ತೆ."

"ನಿನ್ನ ಗಂಡನ್ನ ಕೇಳಲಿಲ್ಲ."

"ಅತ್ತೆಗೆ ಹಸಿರು."

"ನಿನಗೆ ಮಾರಾಯ್ತಿ, ನಿನಗೆ."

ಅವಳು ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ನೋಡಿದಳು, ಉತ್ತರ ಅಲ್ಲೆಲ್ಲೋ ನೇತಾಡುತ್ತಿದೆ ಅನ್ನುವ ಹಾಗೆ. ಅಳು ಬಂತು. ಒಂದು ಬಣ್ಣಕ್ಕೆ ಯಾರಾದರೂ ಅಳುತ್ತಾರಾ ಅಂತ ಆ ಅಳುವಿನ ಮೇಲೂ ನಾಚಿಕೆಯಾಯಿತು. ಶೆಡ್ಡಿನ ಕಥೆ, ಬೂದಿ ದಾರದ ಕಥೆ ಎಲ್ಲ ಹೇಳಿಕೊಂಡಳು.

"ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರೆ, ಕೇಳಿಲ್ವಾ?" ಅಂದಳು ನರ್ಸಕ್ಕ. "ಇನ್ಮೇಲೆ ಆಯ್ತು, ತಪ್ಪಾಯ್ತು ಅನ್ನೋ ಮುಂಚೆ ಒಂದು ಉಸಿರು ತಗೋ. ಇದು ನಾನು ಮಾಡಿದ್ದಾ ಅಂತ ನಿನ್ನನ್ನೇ ಕೇಳ್ಕೋ. ಹೌದಾದ್ರೆ ಒಪ್ಕೋ, ಸರಿ ಮಾಡು. ಅಲ್ಲ ಅಂದ್ರೆ ಅಲ್ಲ ಅನ್ನು. ಬೈಬೇಡ, ಕೂಗಬೇಡ."

ಅತ್ತೆಗೆ ಇದು ಹಿಡಿಸಲಿಲ್ಲ. "ಚೆನ್ನಾಗಿದೆ ಕಣಮ್ಮ ನಿನ್ನ ಪಾಠ. ಮಾತು ಬೆಳ್ಳಿ, ಮೌನ ಬಂಗಾರ. ಹೆಂಗಸು ನಾನು, ನಾನು ಅಂತ ಶುರು ಮಾಡಿದ್ರೆ ಅದು ಅಹಂಕಾರ ಅಲ್ವಾ?"

"ನಾನೇ ದೊಡ್ಡವಳು ಅಂದ್ರೆ ಅಹಂಕಾರ ಅಮ್ಮ. ನಾನೂ ಒಬ್ಬಳಿದ್ದೀನಿ ಅಂದ್ರೆ ಅಲ್ಲ."

"ಜಗಳ ಆದ್ರೆ?" ಅಂತ ಅವಳು ಮೆಲ್ಲಗೆ ಕೇಳಿದಳು.

"ಆಗಬಹುದು. ಸುಳ್ಳು ಹೇಳಲ್ಲ. ಇಷ್ಟು ದಿನ ನಿನ್ನ ಬೆನ್ನ ಮೇಲೆ ಸವಾರಿ ಮಾಡಿದವರಿಗೆ ಇಳೀರಿ ಅಂದ್ರೆ ಮುತ್ತು ಕೊಡ್ತಾರಾ? ಮುಖ ಊದಿಸ್ಕೊಳ್ತಾರೆ. ಊದಿಸ್ಕೊಳ್ಳಲಿ ಬಿಡು."

ಅತ್ತೆ ಮೂಗು ಮುರಿದು ಮೆಟ್ಟಿಲಿಳಿದರು. ಅವಳೂ ಹಿಂದೆಯೇ ಇಳಿದಳು. ನರ್ಸಕ್ಕನಿಗೇನು, ಹೇಳುವುದು ಸುಲಭ ಅಂದುಕೊಂಡಳು. ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಮುಗಿಯಲು ಬಿಡದವಳು ಅವಳ ಮಗಳು.

ಮಗಳು ಶಾಲೆಯಲ್ಲಿ ಒಳ್ಳೇ ಓಟಗಾತಿ. ಅಂದು ಸಂಜೆ ಬಂದವಳು ಶೂ ಬಿಚ್ಚಿ ಮಂಚದ ಕೆಳಗೆ ತಳ್ಳಿ, "ಇನ್ನು ಇದು ಬೇಡ. ಟೀಚರ್ ನನ್ನನ್ನ ಓಟದಿಂದ ತೆಗೆದ್ರು" ಅಂದಳು.

"ಯಾಕೆ?"

"ಶಾಲೇಲಿ ನಾವು ಚಿತ್ರ ಬರೆದಿದ್ದ ಗೋಡೆ ಮೇಲೆ ಯಾರೋ ಬಣ್ಣ ಚೆಲ್ಲಿದ್ರು. ಯಾರು ಅಂತ ಕೇಳಿದ್ರು. ನಾನು ಅಂದೆ."

"ನೀನು ಚೆಲ್ಲಿದ್ಯಾ?"

"ಇಲ್ಲ."

ಅತ್ತೆ ಕುರ್ಚಿಯಿಂದ ಎದ್ದೇ ಬಿಟ್ಟರು. "ಮತ್ತೆ ಯಾಕೆ ಒಪ್ಕೊಂಡೆ? ಬಾಯಿ ಇರಲಿಲ್ವಾ? ನಾನಲ್ಲ ಅನ್ನಬೇಕಿತ್ತು!"

ಮಗು ಅಜ್ಜಿಯನ್ನು ನೋಡಿತು, ಆಮೇಲೆ ತಾಯಿಯನ್ನು. "ಟೀಚರ್ ಕೂಗ್ತಿದ್ರು. ನಾನೇ ಅಂದ್ರೆ ಗಲಾಟೆ ಬೇಗ ಮುಗಿಯುತ್ತಲ್ಲ. ಅಮ್ಮನೂ ಹಾಗೇ ತಾನೇ ಮಾಡೋದು? ನೀನೇ ಹೇಳ್ತೀಯಲ್ಲ ಅಜ್ಜಿ, ನಿಮ್ಮಮ್ಮ ಬಂಗಾರ ಅಂತ."

ಅತ್ತೆ ಮತ್ತೆ ಕುರ್ಚಿಯಲ್ಲಿ ಕೂತರು. ಅವಳು ಬಗ್ಗಿ ಮಂಚದ ಕೆಳಗಿನ ಶೂ ನೋಡಿದಳು. ತನ್ನ ಬೆನ್ನ ಮೇಲೆ ಬಿದ್ದದ್ದನ್ನೆಲ್ಲ ತಾನು ಸಹಿಸಿದ್ದೇನೆ, ಅದು ತನ್ನ ಹಣೆಬರಹ ಅಂತ ಇಷ್ಟು ದಿನ ಅಂದುಕೊಂಡಿದ್ದಳು. ಪಕ್ಕದಲ್ಲಿ ಒಂದು ಮಗು ಅದನ್ನು ಕಲಿಯುತ್ತಿದೆ ಅಂತ ಹೊಳೆದಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಿದರೆ ಮೊದಲು ತನ್ನ ಮೇಲೆಯೇ.

ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಹೋದರೆ ಅವಳ ಮಷಿನ್ ಮುಂದೆ ವಾಪಸ್ ಬಂದ ಕೋಟುಗಳ ರಾಶಿ. ಎಲ್ಲದರಲ್ಲೂ ಬೂದಿ ದಾರ.

"ಏಳು ಆಯ್ತಕ್ಕ. ಆ ಟೇಬಲ್ಲಿಗೆ ಹೋಗು" ಅಂದರು ಮಾಸ್ತರ್.

ನಾಲಿಗೆ ಅಭ್ಯಾಸಬಲದಿಂದ ಆಗಲೇ "ಆ" ಅಂದಾಗಿತ್ತು. ಅಲ್ಲಿಗೇ ತಡೆದು ಒಂದು ಉಸಿರು ತೆಗೆದುಕೊಂಡಳು. ಕಾಲು ನಡುಗುತ್ತಿತ್ತು. ಏಳಲಿಲ್ಲ. ಕೂತಲ್ಲೇ ರಾಶಿಯಿಂದ ಒಂದೊಂದೇ ಕೋಟು ಎತ್ತಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಪಕ್ಕಕ್ಕೆ ಹಾಕುತ್ತಾ ಹೋದಳು. ತಮ್ಮ ಕೈ ಹೊಲಿಗೆ ಯಾವುದು ಅಂತ ಹೊಲಿಯುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಏನಕ್ಕಾ, ಬೆಳಿಗ್ಗೆ ಬೆಳಿಗ್ಗೆ ನಾಟಕ?" ಅಂದಳು ಪೌಡರಕ್ಕ.

ಅವಳು ಅತ್ತ ತಿರುಗಲಿಲ್ಲ. "ಮಾಸ್ತರ್, ಪಕ್ಕಕ್ಕಿಟ್ಟ ಇಷ್ಟೂ ನಾನು ಹೊಲಿದದ್ದಲ್ಲ."

"ನಿನ್ನ ದಾರ ಇದೆಯಲ್ಲ?"

"ದಾರ ನನ್ನದು, ಹೊಲಿಗೆ ನನ್ನದಲ್ಲ. ಕೇಳಿದವರಿಗೆಲ್ಲ ದಾರ ಕೊಟ್ಟೆ. ಅದು ನನ್ನ ತಪ್ಪು, ಒಪ್ಕೊಳ್ತೀನಿ. ಇನ್ನು ಕೊಡಲ್ಲ."

"ಮತ್ತೆ ಯಾರದು?"

"ಅದನ್ನ ಅವರವರೇ ಹೇಳ್ಲಿ. ನನ್ನದು ಮಾತ್ರ ನಾನು ಹೇಳ್ತೀನಿ." ಕೊನೆಗೆ ಉಳಿದ ಒಂದು ಕೋಟನ್ನು ಎತ್ತಿ ತೋರಿಸಿದಳು. "ಇದು ನನ್ನದೇ. ಕಾಲರ್ ಸೊಟ್ಟ ಕೂರಿಸಿದ್ದೀನಿ. ಈಗಲೇ ಬಿಚ್ಚಿ ಹೊಲಿತೀನಿ."

ಮಾಸ್ತರಿಗೆ ಅಷ್ಟು ಜನರ ಮುಂದೆ ಹೀಗೆ ಕೇಳಿ ಅಭ್ಯಾಸವಿರಲಿಲ್ಲ. "ಏಳು ಅಂದ್ರೆ ಏಳಬೇಕು."

"ಏಳಲ್ಲ ಮಾಸ್ತರ್. ನನ್ನ ಹೊಲಿಗೆ ಕೆಟ್ಟರೆ ಏಳಿಸಿ, ಏಳ್ತೀನಿ. ಬೇರೆಯವರ ಹೊಲಿಗೆ ಕೆಟ್ಟಿದ್ದಕ್ಕೆ ಏಳಲ್ಲ."

"ಇಷ್ಟು ದಿನ ಎಲ್ಲಿತ್ತು ಈ ಬಾಯಿ?"

"ಇಲ್ಲೇ ಇತ್ತು. ಆಯ್ತು ಅನ್ನೋಕೆ ಮಾತ್ರ ತೆಗೀತಿದ್ದೆ."

ಅಷ್ಟು ಹೇಳಿ ಕಾಲರ್ ಬಿಚ್ಚಲು ಕೂತಳು. ಶೆಡ್ಡಿನಲ್ಲಿ ಒಂದು ಮಷಿನ್ನೂ ಓಡುತ್ತಿರಲಿಲ್ಲ. ಗುಂಡಿ ಕಾಜಾ ಹೊಲಿಯುವ ಮುದುಕಿ ಮೊದಲು ಎದ್ದು ಬಂದು ಎರಡು ಕೋಟು ಎತ್ತಿಕೊಂಡಳು. "ಇವು ನನ್ನವು ಮಾಸ್ತರ್. ಕಣ್ಣು ಮಂಜಾಗಿದೆ, ಹೇಳೋಕೆ ಹೆದರಿದ್ದೆ." ಆಮೇಲೆ ಹಿಂದಿನ ಸಾಲಿನವರು ತಲೆ ತಗ್ಗಿಸಿಕೊಂಡು ಬಂದರು. ಕೊನೆಗೆ ಪೌಡರಕ್ಕ ಬಂದು, ಉಳಿದದ್ದನ್ನು ಬಾಚಿಕೊಂಡು, "ನೀನು ಒಂದು ದಿನವೂ ಬೇಡ ಅನ್ನಲಿಲ್ವಲ್ಲ ಅಕ್ಕಾ" ಅಂದಳು.

"ಹೌದು. ಇವತ್ತು ಅಂತಿದ್ದೀನಿ."

ಮಾಸ್ತರ್ ಶಹಬ್ಬಾಸ್ ಅನ್ನಲಿಲ್ಲ. ಅಂಥವರು ಅನ್ನುವುದೂ ಇಲ್ಲ. ಇನ್ನು ಮುಂದೆ ಅವರವರ ರೀಲು ಅವರವರ ಹತ್ತಿರವೇ ಇರಬೇಕು ಅಂತ ಗದರಿ, ಅಂದು ಸಂಜೆ ಹೊಸ ದಾರದ ಡಬ್ಬಿ ತಂದು ಅವಳ ಮುಂದೆ ಕುಕ್ಕಿದರು. "ಯಾವುದು ಬೇಕೋ ತಗೋ." ಅವಳು ತುಂಬ ಹೊತ್ತು ನೋಡಿದಳು. ಕೈ ತಾನಾಗಿಯೇ ಕಿತ್ತಳೆ ಬಣ್ಣಕ್ಕೆ ಹೋಯಿತು. ಓಹೋ, ನನಗೆ ಇಷ್ಟವಾದದ್ದು ಇದಾ ಅಂತ ಅವಳಿಗೇ ನಗು ಬಂತು. ಪೌಡರಕ್ಕ ಮಾತು ಬಿಟ್ಟಳು. ಇವತ್ತಿಗೂ ಪೂರ್ತಿ ಶುರು ಮಾಡಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಂಚದ ಕೆಳಗಿನ ಶೂ ಎಳೆದು ಮಗಳ ಮುಂದಿಟ್ಟಳು. "ನೀನೇ ಟೀಚರ್‌ಗೆ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

"ನಾನೂ ಬರ್ತೀನಿ" ಅಂದರು ಅತ್ತೆ, ಆಗಲೇ ಚಪ್ಪಲಿ ಮೆಟ್ಟಿಕೊಂಡು.

ಶಾಲೆಯ ಬಾಗಿಲಲ್ಲಿ ಮಗು ಒಂದು ಉಸಿರು ತೆಗೆದುಕೊಂಡಿತು. "ಟೀಚರ್, ಬಣ್ಣ ನಾನು ಚೆಲ್ಲಿದ್ದಲ್ಲ. ನಾನು ಅಂತ ಸುಳ್ಳು ಹೇಳಿದ್ದು ಮಾತ್ರ ನನ್ನ ತಪ್ಪು." ಟೀಚರ್ ಮೂವರ ಮುಖವನ್ನೂ ನೋಡಿದರು. ತಾವು ಕೂಗಿದ್ದು ನೆನಪಾಯಿತೋ ಏನೋ, ದನಿ ತಗ್ಗಿಸಿ, "ಸಂಜೆ ಓಟಕ್ಕೆ ಬಾ" ಅಂದರು.

ವಾಪಸ್ ಬರುವಾಗ ಅತ್ತೆ ಅರ್ಧ ದಾರಿ ಮುಂದೆ ಮುಂದೆಯೇ ನಡೆದರು. ಆಮೇಲೆ ರಸ್ತೆ ನೋಡಿಕೊಂಡೇ ಹೇಳಿದರು. "ಆ ಚಿಲಕ ಕಿತ್ತದ್ದು ನಾನು ಕಣೇ."

"ಗೊತ್ತು ಅತ್ತೆ."

"ಗೊತ್ತಿದ್ದೂ ಸುಮ್ಮನಿದ್ದೆ ನೋಡು, ಅದೇ ನಿನ್ನ ತಪ್ಪು. ನಡಿ, ಹೊಸ ಚಿಲಕ ತಗೊಂಡು ಹೋಗೋಣ. ನಾನೇ ಹಾಕಿಸ್ತೀನಿ."

ಮನೆಗೆ ಬಂದರೆ ಒಲೆಯ ಮೇಲೆ ಹಾಲು ಉಕ್ಕಿ ಹರಿದಿತ್ತು, ಒಲೆ ಮುಂದೆ ಗಂಡ ನಿಂತಿದ್ದ. ಅವಳು ಬಾಗಿಲಲ್ಲೇ ನಿಂತಳು. ಅತ್ತೆಯೂ ನಿಂತು ಮಗನ ಮುಖವನ್ನೇ ನೋಡಿದರು. ಗಂಡ ಇಬ್ಬರನ್ನೂ ನೋಡಿ, ಒಲೆ ನೋಡಿ, ತಲೆ ಕೆರೆದುಕೊಂಡ.

"ನಾನೇ ಕಣೇ" ಅಂದು ಬಟ್ಟೆ ತೆಗೆದುಕೊಂಡು ಒರೆಸತೊಡಗಿದ.

ಓದುತ್ತಿರುವ ಅಕ್ಕ, ಅಣ್ಣ, ತಾಯಿ, ಈಗ ನಿಮ್ಮ ಸರದಿ. ಇಂದು ಯಾರಾದರೂ ನಿಮ್ಮ ಮುಂದೆ ಒಂದು ತಪ್ಪು ತಂದು ಹಾಕಿದರೆ, ತಲೆ ತಗ್ಗಿಸುವ ಮುಂಚೆ ಒಂದು ಉಸಿರು ತೆಗೆದುಕೊಳ್ಳಿ. ನಿಮ್ಮದಾದರೆ ಎದೆಗೊಟ್ಟು ಒಪ್ಪಿಕೊಳ್ಳಿ. ಅಲ್ಲವಾದರೆ ಅಲ್ಲ ಅನ್ನಿ. ಮೊದಲ ಸಲ ಕಾಲು ನಡುಗುತ್ತದೆ, ನಡುಗಲಿ, ನಡುಗುತ್ತಲೇ ಹೇಳಿ. ಒಬ್ಬರಿಗೇ ಆಗದಿದ್ದರೆ, ಮನಸ್ಸು ತೀರಾ ಕುಗ್ಗಿದ್ದರೆ, ಹತ್ತಿರದ ಆರೋಗ್ಯ ಕೇಂದ್ರದವರ ಹತ್ತಿರ ಮಾತಾಡಿ, ಅದರಲ್ಲಿ ನಾಚಿಕೆ ಇಲ್ಲ. ಮತ್ತೆ ನಿಮ್ಮ ಮನೆಯಲ್ಲಿ ಎಲ್ಲಕ್ಕೂ ಆಯ್ತು ಅನ್ನುವ ಆ ಒಬ್ಬರು ಇದ್ದಾರಲ್ಲ, ಅವರನ್ನು ಇವತ್ತೇ ಕೂರಿಸಿ ಕೇಳಿ, ಅವರಿಗೆ ಯಾವ ಬಣ್ಣ ಇಷ್ಟ ಅಂತ. ಉತ್ತರ ಬರುವವರೆಗೂ ಎದ್ದು ಹೋಗಬೇಡಿ.