ಸಾಲುಗಲ್ಲಿನ ಹೊಲ

ಅದು ಮೂವತ್ತೆಂಟನೇ ಇಸವಿಯ ಮಾತು. ಕಣದಲ್ಲಿ ಹುರುಳಿ ತೂರಿಸುತ್ತಿದ್ದ ಬಸವಲಿಂಗಮ್ಮ ತಲೆ ಎತ್ತಿ ನೋಡಿದಾಗ, ಕೋಟೆ ದಿಣ್ಣೆಯ ಮೇಲೆ ಯಾರೋ ಒಬ್ಬ ಮೂರು ಕಾಲಿನ ಪೆಟ್ಟಿಗೆ ನಿಲ್ಲಿಸಿಕೊಂಡು, ತಲೆಯ ಮೇಲೆ ಕರೀ ಬಟ್ಟೆ ಹೊದ್ದು ಬಗ್ಗಿದ್ದ.

"ಮಂಚಯ್ಯ, ಅದ್ಯಾವನ್ಲಾ ಅವ್ನು? ಹಾಡೇ ಅಗಲಲ್ಲಿ ಮೊಕ ಮುಚ್ಕಂಡು ನಿಂತವ್ನೆ?"

ಮನೆಯ ಆಳು ಮಂಚಯ್ಯ ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದ. "ಪಟ ಇಡಿಯೋರು ಕಣ್ರವ್ವಾ. ಮೈಸೂರಿಂದ ಬಂದವ್ರಂತೆ. ಪಟೇಲ್ರ ಚಾವಡೀಲಿ ಇಳ್ಕಂಡವ್ರೆ."

"ಅಲ್ಲೇನೈತೆ ಪಟ ಇಡಿಯೋಕೆ? ಮದುವೆ ನಡೀತೈತಾ?"

ದಿಣ್ಣೆಯ ಮೇಲೆ ಹಳೇ ಕೋಟೆಯ ಕುಸಿದ ಗೋಡೆ ಬಿಟ್ಟರೆ ಇದ್ದದ್ದು ಕಲ್ಲಿನ ಬಾಗಿಲೊಂದೇ. ಅದರಿಂದಲೇ ಊರಿಗೆ ಬಾಗಿಲಕೊಪ್ಪಲು ಅನ್ನುವ ಹೆಸರು. ಪಕ್ಕದ ಊರಿಗೆ ಹೋಗುವ ಗಾಡಿ ದಾರಿಯಲ್ಲಿ ನಿಂತು ನೋಡಿದರೆ ಮೇಲೆ ಬಾಗಿಲು, ಕೆಳಗೆ ಕೆರೆ, ಎರಡರ ನಡುವಿನ ಇಳಿಜಾರಿನಲ್ಲಿ ಬಸವಲಿಂಗಮ್ಮನ ಹೊಲ, ಎಲ್ಲ ಒಂದೇ ಸಲಕ್ಕೆ ಕಾಣುತ್ತಿತ್ತು. ಆ ಹೊಲದ ಮಧ್ಯೆ, ಬಾಗಿಲ ಕಡೆಯಿಂದ ಕೆರೆ ಏರಿಯ ಕಡೆಗೆ ಓರೆಯಾಗಿ ಒಂದು ಸಾಲು ವೀರಗಲ್ಲುಗಳು ನಿಂತಿದ್ದವು. ಕತ್ತಿ ಹಿಡಿದವರು, ಬಿಲ್ಲು ಎತ್ತಿದವರು, ಕಾಲ ಬುಡದಲ್ಲಿ ಪುಟ್ಟ ಪುಟ್ಟ ದನಗಳು. ನೇಗಿಲು ಅವನ್ನು ಬಳಸಿಕೊಂಡೇ ಹೋಗಬೇಕು. ಉಳುವವರು ಗೊಣಗಿದರೂ ಬಸವಲಿಂಗಮ್ಮನ ಗಂಡ ರುದ್ರಯ್ಯ ಒಂದನ್ನೂ ಅಲುಗಿಸಲು ಬಿಟ್ಟಿರಲಿಲ್ಲ.

ರುದ್ರಯ್ಯ ಹೋದ ಮೇಲೆ ಬಸವಲಿಂಗಮ್ಮ ಯಾರನ್ನೂ ನಂಬುವುದು ಬಿಟ್ಟಿದ್ದಳು. ಹನ್ನೊಂದನೇ ದಿನದ ಕಾರ್ಯ ಮುಗಿಯುವ ಮೊದಲೇ ಪಕ್ಕದ ಹೊಲದವನು ಬದು ಒತ್ತಿದ್ದ. ನೀರುಗಂಟಿ ಅವಳ ಗದ್ದೆಯ ನೀರಿನ ಸರದಿ ಮರೆತಿದ್ದ. ಮಕ್ಕಳಿಲ್ಲದ ಹೆಂಗಸು, ಇನ್ನೆಷ್ಟು ದಿನ ಅನ್ನುವ ಲೆಕ್ಕ ಎಲ್ಲರ ಕಣ್ಣಲ್ಲೂ ಕಾಣುತ್ತಿತ್ತು. ಇದೂ ಅಂಥದ್ದೇ ಯಾವುದೋ ಇರಬೇಕು ಎಂದುಕೊಂಡು ಸೆರಗು ಸಿಕ್ಕಿಸಿ ದಿಣ್ಣೆ ಹತ್ತಿದಳು.

ಕರೀ ಬಟ್ಟೆಯಿಂದ ಹೊರಬಂದವನು ಮೂವತ್ತು ದಾಟಿದ, ಸಣ್ಣ ಮೈಯವನು. ಹಣೆಯ ಮೇಲೆ ವಿಭೂತಿ. ತನ್ನ ಹೆಸರು ಷಡಕ್ಷರಿ, ಊರು ಅರಕಲಗೂಡು, ಮೈಸೂರಿನಲ್ಲಿ ಹಳೇ ಶಾಸನಗಳ ಇಲಾಖೆಯಲ್ಲಿ ನಕಾಶೆ ಬರೆಯುವ ಕೆಲಸ ಎಂದ.

"ಯಾರ ಜಮೀನು ಅಳೀತಿದೀರಿ?"

"ಜಮೀನಲ್ಲಮ್ಮ. ಈ ಕೋಟೆ, ಬಾಗಿಲು, ಕೆರೆ, ನಿಮ್ಮ ಹೊಲದ ಕಲ್ಲುಗಳು, ಆ ಹುಣಸೆ ತೋಪು, ಇವೆಲ್ಲ ಎಲ್ಲೆಲ್ಲಿವೆ, ಒಂದಕ್ಕೊಂದು ಹೇಗೆ ಸೇರಿಕೊಂಡಿವೆ ಅಂತ ಒಂದೇ ನಕಾಶೆಯಲ್ಲಿ ಬರೀತೀನಿ. ಮುಂದೆ ಹುಟ್ಟೋರಿಗೆ ಗೊತ್ತಾಗಲಿ ಅಂತ."

"ಮುಂದೆ ಹುಟ್ಟೋರು ನಿಮ್ಮನ್ನ ಕೇಳಿದ್ರಾ?"

ಅವನು ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ. ಬಾಗಿಲ ಕಂಬದ ಶಾಸನಕ್ಕೆ ಅವನು ಒದ್ದೆ ಕಾಗದ ಅಂಟಿಸಿ, ಕುಂಚದಿಂದ ಬಡಿದು, ಮೇಲೆ ಮಸಿ ಬಳಿದಿದ್ದ. ಕಾಗದ ಕಿತ್ತಾಗ ಕಲ್ಲಿನ ಅಕ್ಷರಗಳೆಲ್ಲ ಅದರ ಮೇಲೆ ಬಿಳಿಬಿಳಿಯಾಗಿ ಎದ್ದು ಬಂದಿದ್ದವು. ಬಸವಲಿಂಗಮ್ಮ ಕಾಗದವನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿದಳು. ಇಷ್ಟು ಸಲೀಸಾಗಿ ಎತ್ತಿಕೊಂಡು ಹೋಗಬಲ್ಲವನು ಇನ್ನೇನು ಎತ್ತಲಾರ?

"ನನ್ನ ಹೊಲದಲ್ಲಿ ಹುಚ್ಚೆಳ್ಳು ನಿಂತೈತೆ. ಕುಯ್ಯೋ ತಂಕ ಕಾಲಿಡಬ್ಯಾಡಿ" ಎಂದಳು.

"ಆಗಲಿ. ಹಾಸನದ ಸ್ಟುಡಿಯೋದಲ್ಲಿ ಪಟ ತೊಳೆಸೋದಿದೆ. ಹೋಗಿ ಬರೋ ಹೊತ್ತಿಗೆ ಕೊಯ್ಲಾಗಿರುತ್ತೆ. ಕಲ್ಲುಗಳನ್ನ ಕಡೆಗೇ ಬರೀತೀನಿ" ಎಂದ.

ಅವನು ಹಾಸನಕ್ಕೆ ಹೊರಟ ದಿನವೇ ಚನ್ನರಾಯಪಟ್ಟಣದಿಂದ ಮೈದುನ ಈಶ್ವರಯ್ಯ ಬಂದಿಳಿದ. ಅಲ್ಲಿ ಅವನದು ಕೊಬ್ಬರಿ ವ್ಯಾಪಾರ. ಹೊಸ ಮಂಡಿ ಕಟ್ಟಿಸುತ್ತಿದ್ದ. ಅಣ್ಣ ಸತ್ತ ಮೇಲೆ ಹಬ್ಬಕ್ಕೂ ಬಾರದವನು ಈಗ ಬಾಳೆಗೊನೆ ಹೊರೆಸಿಕೊಂಡು ಬಂದಿದ್ದ.

"ಅತ್ತಿಗೆ, ಆ ಮೈಸೂರಿನೋನ್ನ ನಂಬಬ್ಯಾಡಿ. ಕನ್ನಂಬಾಡಿ ಕಟ್ಟೆ ಕಟ್ಟೋವಾಗ ಏನಾಯ್ತು? ಮೊದ್ಲು ಅಳೆದ್ರು, ಆಮ್ಯಾಕೆ ಊರೂರೇ ಏಳ್ಸಿದ್ರು. ಇವನು ಅಳೀತಿರೋದೂ ಅಂಗೇ. ಇಲ್ಲಾಂದ್ರೆ ಆ ಕಲ್ಲಿನ ಬುಡದಲ್ಲಿ ನಿಧಿ ಇರಬೇಕು. ಸುಮ್ಸುಮ್ನೆ ಯಾವನಾದ್ರೂ ಬಿಸಿಲಲ್ಲಿ ಸಾಯ್ತಾನಾ?"

ಅವಳ ಮನಸ್ಸಿನಲ್ಲಿ ಇದ್ದದ್ದೂ ಅದೇ.

"ನಾನು ಗಾಡಿ ಕಳಿಸ್ತೀನಿ. ಕಲ್ಲು ಕಿತ್ತು ನನ್ನ ಮಂಡಿ ಹಿಂದ್ಗಡೆ ಇಡಿಸ್ತೀನಿ. ಅವನು ತೊಲಗಿದ ಮ್ಯಾಲೆ ತಂದು ನಿಲ್ಲಿಸಾನ."

ಬಾಳೆಗೊನೆಯ ಕಡೆ ಒಮ್ಮೆ, ಮೈದುನನ ಮುಖದ ಕಡೆ ಒಮ್ಮೆ ನೋಡಿದಳು. ಇವನಿಗ್ಯಾಕೆ ಇಷ್ಟು ಅವಸರ? "ಯೋಚ್ನೆ ಮಾಡಿ ಯೋಳ್ತೀನಿ ಕಣಪ್ಪ" ಎಂದು ಊಟ ಬಡಿಸಿ ಕಳಿಸಿದಳು.

ಯೋಚಿಸಿದಷ್ಟೂ ಇಬ್ಬರ ಮೇಲೂ ಗುಮಾನಿಯೇ ಬೆಳೆಯಿತು. ಕಡೆಗೆ ಅವಳೇ ಒಂದು ದಾರಿ ಹಿಡಿದಳು. ಹುಚ್ಚೆಳ್ಳು ಕೊಯ್ಸಿದ ಮಾರನೇ ದಿನ ಮಂಚಯ್ಯನನ್ನೂ ಅವನ ಕಡೆಯವರನ್ನೂ ಕರೆದು, ಹಾರೆ ಹಾಕಿಸಿ ಕಲ್ಲುಗಳನ್ನೆಲ್ಲ ಕೀಳಿಸಿದಳು. ಗಾಡಿಯ ಮೇಲೆ ಮಲಗಿಸಿ ತಂದು ಕೊಟ್ಟಿಗೆಯೊಳಗೆ ಪೇರಿಸಿ, ಮೇಲೆ ರಾಗಿ ಹುಲ್ಲು ಒಟ್ಟಿಸಿದಳು. ಯಾರಿಗೂ ಹೇಳುವುದಿಲ್ಲ ಎಂದು ಆಳುಗಳಿಂದ ಬಸವಣ್ಣನ ಮೇಲೆ ಆಣೆ ಇಡಿಸಿಕೊಂಡಳು. ಪಕ್ಕದ ಮನೆಯ ಒಕ್ಕಲಗಿತ್ತಿ ನಂಜಮ್ಮ ಮಾತ್ರ ಬೇಲಿಯಾಚೆಯಿಂದ ಎಲ್ಲ ನೋಡಿ, "ಅಕ್ಕ, ಅಷ್ಟು ಕಾಲದಿಂದ ನಿಂತಿದ್ದೋರ್ನ ಮಲಗಿಸ್ಬುಟ್ಯಲ್ಲ" ಎಂದಳು. ಬಸವಲಿಂಗಮ್ಮ ಇನ್ನೊಂದು ಹೊರೆ ಹುಲ್ಲು ಎಳೆದು ಮೇಲೆ ಹಾಕಿದಳು.

ಷಡಕ್ಷರಿ ತಿರುಗಿ ಬಂದವನು ಚಾವಡಿಗೂ ಹೋಗದೆ ನೆಟ್ಟಗೆ ಹೊಲಕ್ಕೆ ಬಂದ. ಕೈಯಲ್ಲಿ ನಕಾಶೆಯ ಹಲಗೆ. ಬದುವಿನ ಮೇಲೆ ನಿಂತ. ಹೊಲದಲ್ಲಿ ಸಾಲಾಗಿ ಗುಂಡಿಗಳು. ಗಾಡಿಯ ಚಕ್ರಕ್ಕೆ ಸಿಕ್ಕಿ ಒಂದಷ್ಟು ಗುಂಡಿ ಆಗಲೇ ಮುಚ್ಚಿಹೋಗಿದ್ದವು.

ಬಸವಲಿಂಗಮ್ಮ ಹುಣಸೆ ಮರದ ಮರೆಯಲ್ಲಿ ಕಾದಿದ್ದಳು. ನಿಧಿಯವನಾದರೆ ಈಗ ಗುಂಡಿಗೆ ಕೈ ಹಾಕುತ್ತಾನೆ ಎಂದು ಅವಳ ಎಣಿಕೆ. ಅವನು ಮಣ್ಣು ಕೆದಕಲಿಲ್ಲ. ಬಾಯಿ ಬಿಟ್ಟುಕೊಂಡಿದ್ದ ಗುಂಡಿಗಳ ಅಂಚಿನಲ್ಲಿ ಒಂದೊಂದು ಗೂಟ ಹೊಡೆದ. ಮುಚ್ಚಿಹೋಗಿದ್ದ ಕಡೆ ಮಂಡಿಯೂರಿ ಅಂಗೈಯಿಂದ ನೆಲ ಸವರಿ ಹುಡುಕಿದ. ಅವಳಿಗೆ ಇದರ ತಲೆಬುಡ ತಿಳಿಯಲಿಲ್ಲ. ಮರೆಯಿಂದ ಈಚೆ ಬಂದಳು.

"ಯಾರೋ ಕದ್ದು ಸಾಗಿಸವ್ರೆ ಸ್ವಾಮಿ."

ಅವನು ತಲೆ ಎತ್ತಿದ. ಮುಖ ಬಿಳಿಚಿಕೊಂಡಿತ್ತು. "ಅಮ್ಮ, ಯಾವ ಗುಂಡೀಲಿ ಯಾವ ಕಲ್ಲಿತ್ತು, ನಿಮಗೆ ನೆನಪಿದೆಯಾ?"

ಯಾರು ಕದ್ದರು ಅಂತ ಕೇಳಲಿಲ್ಲ, ಎಲ್ಲಿವೆ ಅಂತಲೂ ಕೇಳಲಿಲ್ಲ. "ಕಲ್ಲೇ ಓದ ಮ್ಯಾಲೆ ಗುಂಡಿ ಕಟ್ಕಂಡು ಏನ್ಮಾಡ್ತೀರಿ?" ಎಂದಳು.

"ದನ ಹೊಡೆಯೋಕೆ ಬಂದವರನ್ನ ಈ ಊರಿನೋರು ಬಾಗಿಲಿಂದ ಏರಿಯವರೆಗೂ ಅಟ್ಟಿಸಿಕೊಂಡು ಹೋಗಿರಬೇಕು ಅಂತ ನನ್ನ ಊಹೆ. ಬಿದ್ದವರು ಬಿದ್ದಲ್ಲೇ ಕಲ್ಲು. ಮೊದಲು ಯಾರು, ಕಡೆಗೆ ಯಾರು ಅನ್ನೋದು ಆ ಸಾಲಿನಲ್ಲೇ ಇತ್ತು. ಕಲ್ಲು ಎಲ್ಲಾದರೂ ಸಿಕ್ಕೀತು. ಜಾಗ ಹೋದರೆ ಹೋಯ್ತು." ಅವನು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. "ಹೊಳೆನರಸೀಪುರಕ್ಕೆ ಹೋಗಿ ತಾಲ್ಲೂಕಿನ ಅಮಲ್ದಾರರಿಗೆ ದೂರು ಕೊಡ್ತೀನಿ."

ಅವನ ಗಾಡಿ ಮರೆಯಾಗುವ ತನಕ ಅವಳು ಅಲ್ಲೇ ನಿಂತಿದ್ದಳು. ಕಳ್ಳನಾದವನು ತಾನಾಗಿ ದೂರು ಕೊಡಲು ಹೋಗುತ್ತಾನೆಯೇ ಎಂದುಕೊಂಡಳು. ಆದರೂ ಒಳಗಿನ ಗುಮಾನಿ ಪೂರಾ ಕರಗಿರಲಿಲ್ಲ. ಇದೂ ನಾಟಕವಿದ್ದರೆ?

ಮಾರನೇ ಬೆಳಿಗ್ಗೆ ದಿಣ್ಣೆಯ ಮೇಲಿಂದ ಸುತ್ತಿಗೆ ಸದ್ದು ಕೇಳಿತು. ಮಂಚಯ್ಯನನ್ನು ಕರೆದುಕೊಂಡು ಏದುಸಿರು ಬಿಡುತ್ತ ಹತ್ತಿದಳು. ಕೋಟೆ ಬಾಗಿಲ ಮುಂದೆ ಎತ್ತು ಬಿಚ್ಚಿದ ಗಾಡಿಗಳು. ಬಲಗಡೆಯ ಕಂಬ ಮೇಲಿನ ತೊಲೆಯೊಂದಿಗೆ ನೆಲಕ್ಕೆ ಉರುಳಿತ್ತು. ಕಲ್ಲು ಕೆಲಸದವರು ಅದಕ್ಕೆ ಉಳಿಯಿಟ್ಟು ಸೀಳುತ್ತಿದ್ದರು.

"ಯಾರ್ಲಾ ನಿಮ್ಮನ್ನ ಕಳಿಸ್ದೋರು?"

ಮೇಸ್ತ್ರಿ ಬೆವರು ಒರೆಸಿಕೊಂಡ. "ಪಟ್ಣದ ಈಶ್ವರಯ್ನೋರು ಕಣ್ರವ್ವಾ. ಮಂಡಿ ಕಟ್ಟಕ್ಕೆ. ಪಟೇಲ್ರೂ ಊಂ ಅಂದವ್ರೆ. ಕೆಳಗಡೆ ಹೊಲದಲ್ಲಿ ಚಪ್ಪಡಿ ಕಲ್ಲವೆ, ಅವನ್ನೂ ಏರ್ಕಂಡು ಬನ್ನಿ ಅಂದಿದ್ರು. ಅಲ್ಲಿ ನೋಡುದ್ರೆ ಬರೀ ಗುಂಡಿ."

ಬಸವಲಿಂಗಮ್ಮನಿಗೆ ಬಾಳೆಗೊನೆಯ ಅರ್ಥ ಆಗ ಆಯಿತು. ಗಂಡ ಒಂದು ಕಲ್ಲನ್ನೂ ಅಲುಗಿಸಗೊಡದೆ ಕಾದಿದ್ದ ಹೊಲವನ್ನು ತನ್ನ ಕೈಯಿಂದಲೇ ಬರಿದು ಮಾಡಿಸಿದ್ದ ಗಂಡನ ತಮ್ಮ. ಅವಳು ಹೋಗಿ, ಉಳಿದ ಕಂಬಕ್ಕೆ ಬೆನ್ನು ಕೊಟ್ಟು ಹೊಸ್ತಿಲ ಕಲ್ಲಿನ ಮೇಲೆ ಕೂತುಬಿಟ್ಟಳು. "ಇದರ ಮ್ಯಾಲೆ ಸುತ್ತಿಗೆ ಎತ್ತುದ್ರೆ ನನ್ನ ತಲೆ ಮ್ಯಾಲೆ ಇಳಿಸ್ಬೇಕು." ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನೆರಳಿಗೆ ಹೋದರು.

ಸುದ್ದಿ ತಿಳಿದು, ಪಟೇಲರ ಮನೆಯಲ್ಲಿ ತಂಗಿದ್ದ ಈಶ್ವರಯ್ಯ ಓಡಿ ಬಂದ. "ಅತ್ತಿಗೆ, ಮನೆತನದ ಮಾನ ಕಳೀಬ್ಯಾಡಿ, ಏಳಿ. ಇದು ಖರಾಬು ಜಾಗ, ಯಾರ ಸೊತ್ತೂ ಅಲ್ಲ. ಬಿದ್ದಿರೋ ಕಲ್ಲಿಗೆ ಯಾಕಿಷ್ಟು ರಂಪ?"

"ಬಿದ್ದಿತ್ತೋ, ಬೀಳಿಸಿದ್ಯೋ?"

"ಬಿದ್ದಿತ್ತು ಅಂತ ನಾನಂತೀನಿ, ಪಟೇಲ್ರಂತಾರೆ. ಇಲ್ಲ ಅನ್ನೋಕೆ ಯಾರವ್ರೆ?"

ಹೊತ್ತು ನೆತ್ತಿಗೇರುವ ಹೊತ್ತಿಗೆ ಷಡಕ್ಷರಿ ಬಂದ. ಜತೆಗೆ ಹೋಬಳಿಯ ಶೇಕ್ದಾರರು, ಅಮಲ್ದಾರರ ಕಚೇರಿಯ ಜವಾನ. ಈಶ್ವರಯ್ಯ ಕೈ ಮುಗಿದು ಅದೇ ಮಾತು ಹೇಳಿದ: ಬಾಗಿಲು ಬಿದ್ದು ಎಷ್ಟೋ ಕಾಲವಾಗಿದೆ, ತಾನು ಹಾಳು ಕಲ್ಲು ಆರಿಸಿಕೊಳ್ಳುತ್ತಿದ್ದೇನೆ ಅಷ್ಟೆ.

ಷಡಕ್ಷರಿ ಚೀಲದಿಂದ ಹಾಸನದಲ್ಲಿ ತೊಳೆಸಿದ ಪಟ ತೆಗೆದು ಶೇಕ್ದಾರರ ಕೈಗೆ ಕೊಟ್ಟ. ಪಟದಲ್ಲಿ ಎರಡು ಕಂಬವೂ, ಮೇಲಿನ ತೊಲೆಯೂ ನೆಟ್ಟಗೆ ನಿಂತಿದ್ದವು. ಬಾಗಿಲೊಳಗಿಂದ ದೂರದಲ್ಲಿ ಕೆರೆ, ನಡುವೆ ಹೊಲದ ಕಲ್ಲುಗಳನ್ನು ಮುಚ್ಚಿ ನಿಂತ ಹುಚ್ಚೆಳ್ಳು. ಶೇಕ್ದಾರರು ಪಟ ನೋಡಿದರು, ಉರುಳಿದ ಕಂಬ ನೋಡಿದರು. "ಗಾಡಿ ಕಟ್ಟಿ ಹೊರಡ್ರಯ್ಯ" ಎಂದು ಕೆಲಸದವರಿಗೆ ಹೇಳಿದರು.

ಈಶ್ವರಯ್ಯನ ಮುಖ ಕೆಂಪಗಾಯಿತು. "ಆಯ್ತು ಸ್ವಾಮಿ. ಹೊಲದ ಕಲ್ಲು ಎಲ್ಲಿ ಓದ್ವು? ಅದಕ್ಕೂ ಪಟ ಐತಾ ಇವ್ರ ತಾವ? ಮೈಸೂರಿಂದ ಬಂದು ಊರೆಲ್ಲ ಅಳೆದು, ರಾತ್ರೋರಾತ್ರಿ ಸಾಗಿಸಿರೋದು ಇವನೇ. ಕಳ್ಳನೇ ದೂರು ತಂದವ್ನೆ."

ನೆರೆದ ಊರವರಲ್ಲಿ ಗುಸುಗುಸು ಎದ್ದಿತು. ಅವರಿಗೂ ಅನುಮಾನವಿದ್ದದ್ದು ಆ ಕರೀ ಬಟ್ಟೆಯವನ ಮೇಲೆಯೇ. ಶೇಕ್ದಾರರೂ ಅವನ ಕಡೆ ಬೇರೆ ಥರ ನೋಡಿದರು. ಹೊಲದ ಕಲ್ಲುಗಳ ಪಟವನ್ನು ಷಡಕ್ಷರಿ ಇನ್ನೂ ಹಿಡಿದೇ ಇರಲಿಲ್ಲ.

ಬಸವಲಿಂಗಮ್ಮ ಹೊಸ್ತಿಲಿಂದ ಎದ್ದಳು. ಸುಮ್ಮನಿದ್ದರೆ ಯಾರೂ ಕೊಟ್ಟಿಗೆಯ ಹುಲ್ಲು ಸರಿಸಿ ನೋಡುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು.

"ಕಲ್ಲು ನನ್ನ ಕೊಟ್ಟಿಗೇಲವೆ. ಕೀಳಿಸ್ದೋಳು ನಾನೇ. ಇವ್ರು ಒತ್ಕಂಡು ಓಯ್ತಾರೆ ಅಂತ ಇವ್ರಿಗೂ ಎದುರ್ಕಂಡೆ, ನನ್ನ ಮೈದ್ನಂಗೂ ಎದುರ್ಕಂಡೆ. ಒಬ್ಬರ ಇಸ್ಯದಲ್ಲಿ ತಪ್ಪಾಯ್ತು."

ಈಶ್ವರಯ್ಯ ಯಾರ ಮುಖವನ್ನೂ ನೋಡದೆ ದಿಣ್ಣೆ ಇಳಿದ.

ಅವತ್ತೇ ಕಲ್ಲುಗಳನ್ನು ಹೊಲಕ್ಕೆ ತಂದರು. ಕಷ್ಟ ಬಂದದ್ದು ನಿಲ್ಲಿಸುವಾಗ. ಎಲ್ಲಕ್ಕಿಂತ ದೊಡ್ಡದು ಬಾಗಿಲ ಕಡೆ, ಮುರಿದ ಬಿಲ್ಲಿನದು ಏರಿಯ ಕಡೆ, ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಮಿಕ್ಕವು? ಎರಡು ಹಸು ಕೆತ್ತಿದ ಕಲ್ಲು ಹೊಲದ ನಡುವಿನ ಬಂಡೆಯ ಪಕ್ಕದ್ದು ಎಂದು ನಂಜಮ್ಮ. ಅಲ್ಲ, ಅದರಾಚೆಯದು ಎಂದು ಬಸವಲಿಂಗಮ್ಮ. ವರ್ಷ ವರ್ಷವೂ ಅವುಗಳ ಸುತ್ತ ಉತ್ತಿದ್ದ ಮಂಚಯ್ಯ ತಲೆ ಕೆರೆದುಕೊಂಡು, "ನೇಗ್ಲು ತಿರುಗಿಸೋದ್ ಗೊತ್ತು ಕಣ್ರವ್ವಾ, ಮೊಕ ಯಾರ್ ನೋಡವ್ರೆ?" ಎಂದ. ದಿನ ಬೆಳಗಾದರೆ ಕಂಡ ಕಲ್ಲುಗಳು. ಕಣ್ಣು ಮುಚ್ಚಿದರೆ ಸಾಲು ಕಾಣುತ್ತಿತ್ತು, ಒಂದೊಂದಾಗಿ ನೋಡಹೋದರೆ ಕಲಸಿಹೋಗುತ್ತಿತ್ತು.

ಷಡಕ್ಷರಿ ನಕಾಶೆ ಬರೆದ. ಎರಡು ಕಲ್ಲಿಗೆ ತುಂಬು ಗೆರೆ, ಉಳಿದವಕ್ಕೆಲ್ಲ ತುಂಡು ತುಂಡು ಗೆರೆ.

"ಇವ್ಯಾಕೆ ಇಂಗೆ ಅರ್ಕಲು?"

"ಅವು ಅಲ್ಲೇ ಇದ್ದವು ಅಂತ ಹೇಳೋ ಹಾಗಿಲ್ಲಮ್ಮ."

ಅವನ ದನಿಯಲ್ಲಿ ಕಹಿ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ನಕಾಶೆಯ ಅಂಚು ಮುಟ್ಟಿ ಕೇಳಿದಳು: "ಈ ಕಾಗದ ಎಲ್ಲಿಡ್ತೀರಿ?"

"ಮೈಸೂರಿನ ಕಚೇರಿಯ ಕಬ್ಬಿಣದ ಬೀರುವಿನಲ್ಲಿ."

"ಬೀಗದ ಕೈ ಯಾರ ತಾವ?"

ಅವನಿಗೆ ನಗು ಬಂತು. ಈ ಸಲ ಅವಳೂ ನಕ್ಕಳು. ಆದರೆ ಪಟ್ಟು ಬಿಡಲಿಲ್ಲ. ಇನ್ನೊಂದು ಪ್ರತಿ ಬರೆಸಿ ತನ್ನ ದೇವರ ಮನೆಯಲ್ಲಿ ಇರಿಸಿಕೊಂಡ ಮೇಲೆಯೇ ಅವನಿಗೆ ರೊಟ್ಟಿ ಬುತ್ತಿ ಕಟ್ಟಿದಳು. ಬಸ್ಸು ಹತ್ತಿಸಿ ಬರಲು ಮಂಚಯ್ಯನನ್ನು ಜತೆಗೆ ಕಳಿಸಿದಳು. ಗಾಡಿಯಲ್ಲಿ ಪೆಟ್ಟಿಗೆ ಬಿಟ್ಟು ಬೇರೇನೂ ಹೋಗದಂತೆ ನೋಡಿಕೊಂಡಿರು ಎಂದು ಅವನ ಕಿವಿಯಲ್ಲಿ ಹೇಳಿದಳು.

ಬಾಗಿಲ ಒಡೆದ ಕಂಬವನ್ನು ಸರ್ಕಾರದವರು ಇಟ್ಟಿಗೆ ಕಟ್ಟಿ ನಿಲ್ಲಿಸಿದರು. ಈಶ್ವರಯ್ಯ ಮಂಡಿ ಕಟ್ಟಿಸಿದ. ಪ್ರವೇಶದ ಊಟಕ್ಕೆ ಅತ್ತಿಗೆ ಹೋಗಲಿಲ್ಲ. ದೀಪಾವಳಿಗೆ ಮುಂಚೆ ಕಲ್ಲುಗಳಿಗೆ ಸುಣ್ಣ ಬಳಿಯುವಾಗೆಲ್ಲ ನಂಜಮ್ಮ ಬೇಲಿ ದಾಟಿ ಬಂದು, "ಎರಡು ಹಸೀನ ಕಲ್ಲು ಅಲ್ಲಲ್ಲಕ್ಕ, ಇಲ್ಲಿರ್ಬೇಕಾದ್ದು" ಎಂದು ಶುರು ಮಾಡುತ್ತಿದ್ದಳು. ಇಬ್ಬರೂ ಸುಣ್ಣದ ಕೈಯಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ನಲವತ್ತಾರರಲ್ಲಿ ನಂಜಮ್ಮ ತೀರಿಕೊಂಡಳು. ಆ ವರ್ಷ ಬಸವಲಿಂಗಮ್ಮ ಒಬ್ಬಳೇ ಸುಣ್ಣದ ಗಡಿಗೆ ಹಿಡಿದು ಹೊಲಕ್ಕೆ ಹೋದಳು. ಎರಡು ಹಸುವಿನ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ನಂಜಮ್ಮ ಹೇಳಿದ್ದೇ ಸರಿ ಇದ್ದೀತು ಅನ್ನಿಸಿತು.