ಕೇಳದೆ ಬಿಟ್ಟ ಪ್ರಶ್ನೆ

ಗುರುವಾರದ ಸಭೆಗೆಂದು ಅಂಚೆ ಕಚೇರಿಯ ಗುಮಾಸ್ತೆ ಪದ್ಮಜಾ ಬರೆದಿಟ್ಟುಕೊಂಡಿದ್ದ ಹೇಳಿಕೆಯ ಮೊದಲ ವಾಕ್ಯ ಹೀಗಿತ್ತು: ‘ಹನ್ನೊಂದು ವರ್ಷಗಳಲ್ಲಿ ನನ್ನ ಕೌಂಟರಿಗೆ ಬಂದ ಪ್ರತಿಯೊಬ್ಬರಿಗೂ ನಾನು ಆ ಪ್ರಶ್ನೆ ಕೇಳಿದ್ದೇನೆ.’

ಪೆಟ್ಟಿಗೆಯಲ್ಲಿ ಒಡೆಯುವ, ಸೋರುವ, ಕೆಡುವ ಅಥವಾ ಅಪಾಯಕಾರಿಯಾದ ವಸ್ತು ಏನಾದರೂ ಇದೆಯೇ ಎಂಬುದು ಆ ಪ್ರಶ್ನೆ. ಗ್ರಾಹಕರು ಉತ್ತರ ಹೇಳಿ, ತಮ್ಮ ಕಡೆಯ ಪರದೆಯ ಮೇಲೆ ‘ಹೌದು’ ಅಥವಾ ‘ಇಲ್ಲ’ ಒತ್ತಬೇಕು. ಪೆಟ್ಟಿಗೆಯನ್ನು ಕೌಂಟರಿನಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ. ಕಳುಹಿಸುವವರ ಮಾತೇ ಆಧಾರ.

ಜನಸಾಮಾನ್ಯರು ಕೈಪಿಸ್ತೂಲನ್ನು ಅಂಚೆಯಲ್ಲಿ ಕಳುಹಿಸುವುದು 1927ರಿಂದ ನಿಷಿದ್ಧ. ಆ ನಿಷೇಧವನ್ನು ತೆಗೆಯುವ ಮಸೂದೆಯೊಂದು ವಾಷಿಂಗ್ಟನ್ನಿನಲ್ಲಿ ಮಂಡನೆಯಾಗಿತ್ತು. ಮತಕ್ಕೆ ಇನ್ನೂ ಬಂದಿರಲಿಲ್ಲ. ಜನರ ಅಭಿಪ್ರಾಯ ಕೇಳಲು ಸ್ಥಳೀಯ ಸಂಸದರ ಕಚೇರಿಯವರು ಮಾರಿಸ್‌ಟೌನಿನಲ್ಲಿ ಸಭೆ ಕರೆದಿದ್ದರು. ಒಬ್ಬೊಬ್ಬರಿಗೆ ಎರಡು ನಿಮಿಷ. ಮಸೂದೆ ಬೇಡ ಎನ್ನಲು ಪದ್ಮಜಾ ಹೆಸರು ಕೊಟ್ಟಿದ್ದಳು.

ಸೋಮವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೃಷ್ಣಸ್ವಾಮಿಯವರು ಬಾಸ್ಕಿಂಗ್ ರಿಡ್ಜ್‌ನಿಂದ ಬಂದರು. ಎಪ್ಪತ್ತನಾಲ್ಕು ವರ್ಷದ ನಿವೃತ್ತ ಎಂಜಿನಿಯರ್, ಮೈಸೂರಿನವರು. ದಾವಣಗೆರೆಯಿಂದ ಬಂದ ಹೊಸದರಲ್ಲಿ ಪದ್ಮಜಾಳಿಗೆ ಆರು ಭಾನುವಾರ ಕಾರು ಓಡಿಸಲು ಕಲಿಸಿದವರು ಅವರೇ.

“ಏನಮ್ಮ, ರಿವರ್ಸ್ ತಗೊಳೋದು ಬಂತಾ ಈಗಲಾದ್ರೂ?” ಎನ್ನುತ್ತ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟರು. ಪೆನ್ಸಿಲ್ವೇನಿಯಾದಲ್ಲಿರುವ ಮಗ ಗೌರವ್‌ನ ವಿಳಾಸವಿತ್ತು.

“ನಿಮ್ಮ ಮೇಲ್‌ಬಾಕ್ಸ್ ಬೀಳಿಸಿದ್ದನ್ನ ಇನ್ನೂ ಮರೆತಿಲ್ವಾ ಅಂಕಲ್? ಏನು, ಆಂಟಿ ಉಪ್ಪಿನಕಾಯಿನಾ?”

ಅವರು ಸುಮ್ಮನೆ ನಕ್ಕರು. ಕನ್ನಡಕ ಕಾರಿನಲ್ಲೇ ಉಳಿದಿತ್ತು. ಪರದೆಯ ಅಕ್ಷರ ಕಾಣದೆ ಕಣ್ಣು ಕಿರಿದು ಮಾಡಿದರು. ಪದ್ಮಜಾ ಕೈ ಚಾಚಿ ತಾನೇ ‘ಇಲ್ಲ’ ಒತ್ತಿದಳು. ಪರಿಚಯದ ಹಿರಿಯರು ಬಂದರೆ ಅವಳು ಹೀಗೆಯೇ ಮಾಡುತ್ತಿದ್ದಳು. ಅಂಥವರನ್ನು ಅಪರಿಚಿತರಂತೆ ವಿಚಾರಿಸಲು ಬಾಯಿ ಬರುತ್ತಿರಲಿಲ್ಲ.

ರಸೀದಿ ಮಡಚಿ ಜೇಬಿಗಿಡುತ್ತ ಕೃಷ್ಣಸ್ವಾಮಿ ಹೇಳಿದರು: “ಪೇಪರ್‌ನಲ್ಲಿ ಓದಿದೆ, ಬಿಲ್ ಬಂತಲ್ಲ. ಒಳ್ಳೇದಾಯ್ತು. ಇಲ್ದಿದ್ರೆ ಇದನ್ನ ಕೊಡೋಕೆ ಅಷ್ಟು ದೂರ ನಾನೇ ಡ್ರೈವ್ ಮಾಡ್ಬೇಕಿತ್ತು.”

ಪದ್ಮಜಾ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

“ಅಂಕಲ್, ಇದರಲ್ಲಿ ಏನಿದೆ?”

“ಅದೇ, ಮನೇಲಿ ಕಳ್ಳತನ ಆದ್ಮೇಲೆ ತಗೊಂಡಿದ್ನಲ್ಲ, ಪಿಸ್ತೂಲು. ಗುಂಡಿಲ್ಲಮ್ಮ, ಮೂರು ಸಲ ನೋಡಿದೀನಿ. ಇಂಚರಾ ಈಗ ಎಲ್ಲ ಡ್ರಾಯರೂ ಎಳೀತಾಳೆ. ಮಗಳ ಮಗು ಇರೋ ಮನೇಲಿ ಅದು ಇರಕೂಡ್ದು ಅಂತ ನಿಮ್ಮ ಆಂಟಿ ಹಟ ಹಿಡಿದಿದಾಳೆ.”

“ಬಿಲ್ ಮಂಡನೆ ಆಗಿದೆ ಅಷ್ಟೇ. ಪಾಸ್ ಆಗಿಲ್ಲ.”

ಕೃಷ್ಣಸ್ವಾಮಿಯವರು ಪೆಟ್ಟಿಗೆಯತ್ತ ಕೈ ಚಾಚಿದರು. “ಅಯ್ಯೋ. ಹಾಗಾದ್ರೆ ವಾಪಸ್ ಕೊಟ್ಬಿಡು. ತಗೊಂಡು ಹೋಗ್ತೀನಿ. ಯಾರೂ ನೋಡಿಲ್ಲ.”

ಅಂಚೆ ಲಾರಿ ಬರುವುದು ಐದಕ್ಕೆ. ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಪೆಟ್ಟಿಗೆಯನ್ನು ಆಚೆ ತಳ್ಳಿದರೆ ಮುಗಿಯುತ್ತಿತ್ತು.

“ಆಗಲ್ಲ ಅಂಕಲ್. ಸ್ವೀಕಾರ ಆಗೋಗಿದೆ. ಕೂತ್ಕೊಳ್ಳಿ, ನೀರು ತರ್ತೀನಿ” ಎಂದು ಅವಳು ಪೋಸ್ಟ್‌ಮಾಸ್ಟರನ್ನು ಕರೆದಳು.

“ಪ್ರಶ್ನೆ ಕೇಳಿದೆಯಾ?” ಎಂದು ಪೋಸ್ಟ್‌ಮಾಸ್ಟರ್ ವಿಚಾರಿಸಿದರು.

“ಇಲ್ಲ. ಗುಂಡಿಯನ್ನೂ ನಾನೇ ಒತ್ತಿದೆ.”

ಅಂಚೆ ತನಿಖಾಧಿಕಾರಿಗಳು ಆರೂಕಾಲಿಗೆ ಬಂದು ಪೆಟ್ಟಿಗೆಯನ್ನು ವಶಕ್ಕೆ ತೆಗೆದುಕೊಂಡರು. ಕೃಷ್ಣಸ್ವಾಮಿಯವರ ಹೇಳಿಕೆ ಬರೆದುಕೊಂಡು ಮನೆಗೆ ಕಳುಹಿಸಿದರು. ಪ್ರಕರಣ ದಾಖಲಿಸಬೇಕೇ ಬೇಡವೇ ಎಂಬುದು ಇನ್ನೂ ತೀರ್ಮಾನವಾಗಬೇಕು ಎಂದರು. ಪದ್ಮಜಾಳಿಗೆ ಮರುದಿನ ನೋಟಿಸ್ ಬಂತು: ಮುಂದಿನ ಮಂಗಳವಾರ ಇಲಾಖಾ ವಿಚಾರಣೆ. ಕೆಲಸ ಹೋಗಲೂಬಹುದು.

ಆ ಸಂಜೆ ಕೃಷ್ಣಸ್ವಾಮಿಯವರ ಹೆಂಡತಿ ಶೈಲಮ್ಮ ಫೋನ್ ಮಾಡಿದರು. “ಆರು ಭಾನುವಾರ ಕಲಿಸಿದ್ದಕ್ಕೆ ಒಳ್ಳೇ ಫೀಸ್ ಕೊಟ್ಟೆ ಕಣೆ. ನಿನ್ನೆಯಿಂದ ಅವರು ಸರಿಯಾಗಿ ಊಟ ಮಾಡಿಲ್ಲ.”

“ಬೈರಿ ಆಂಟಿ. ತಪ್ಪು ನಂದೂ ಇದೆ. ನಾನು ಮೊದಲೇ ಕೇಳಿದ್ರೆ ಆ ಪೆಟ್ಟಿಗೆ ಅಲ್ಲೇ ನಿಲ್ತಿತ್ತು.”

ಬುಧವಾರ ಗೆಳತಿ ನಿರುಪಮಾ ಸಮರ್‌ಸೆಟ್‌ನಿಂದ ಬಂದಳು. ಹೇಳಿಕೆಯನ್ನು ಓದಿ ಮೇಜಿನ ಮೇಲಿಟ್ಟಳು.

“ನಾಳೆ ಹೋಗ್ಬೇಡ. ಇಲ್ಲಾ ಅಂದ್ರೆ ಇದನ್ನೇ ಓದು, ಚೆನ್ನಾಗಿದೆ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ.”

“ಮೊದಲನೇ ವಾಕ್ಯಾನೇ ಸುಳ್ಳು.”

“ಮಂಗಳವಾರ ವಿಚಾರಣೆ ಇಟ್ಕೊಂಡು ಗುರುವಾರ ಮೈಕ್‌ನಲ್ಲಿ ತಪ್ಪೊಪ್ಪಿಕೊಳ್ತೀಯಾ? ಹರಿಶ್ಚಂದ್ರನ ತಂಗಿನಾ ನೀನು?”

“ನಿರೂ, ಪಿಸ್ತೂಲು ಬರೋದು ಗೂಂಡಾಗಳ ಕೈಲಿ ಅಂತ ಅಲ್ಲಿ ಎಲ್ಲರೂ ಹೇಳ್ತಾರೆ. ನನ್ನ ಕೌಂಟರಿಗೆ ಅದನ್ನ ತಂದವರು ನಾನು ಕಾಲು ಮುಟ್ಟಿ ನಮಸ್ಕಾರ ಮಾಡೋರು. ಒಂದು ಪ್ರಶ್ನೆ, ಒಂದು ಗುಂಡಿ, ಇಷ್ಟೇ ನಮ್ಮ ಹತ್ರ ಇರೋ ತಡೆ. ಅದೂ ಹೇಗೆ ತಪ್ಪುತ್ತೆ ಅಂತ ಕಣ್ಣಾರೆ ಕಂಡವಳು ನಾನು. ನಾನು ಹೇಳ್ದೆ ಇದ್ರೆ ಯಾರು ಹೇಳ್ತಾರೆ?”

ನಿರುಪಮಾ ಹಾಳೆಯನ್ನು ಅವಳ ಕಡೆ ಸರಿಸಿ, “ಹಾಗಾದ್ರೆ ನಾಳೆ ನಾನೇ ಡ್ರೈವ್ ಮಾಡ್ತೀನಿ. ನಿನ್ನ ರಿವರ್ಸ್ ನಂಗೂ ಗೊತ್ತು” ಎಂದಳು.

ಗುರುವಾರ ಸಂಜೆ ಪದ್ಮಜಾ ಸಮವಸ್ತ್ರ ಹಾಕಲಿಲ್ಲ. ಇಲಾಖೆಯ ಪರವಾಗಿ ಮಾತಾಡುವ ಅಧಿಕಾರ ಅವಳಿಗಿರಲಿಲ್ಲ. ಬೂದು ಸ್ವೆಟರಿನಲ್ಲಿ ಹೋದಳು. ಅವಳ ಸರದಿ ಹದಿನಾಲ್ಕನೆಯದು. ಮೈಕಿನ ಬಳಿ ನಿಂತಾಗ ಮೂರನೇ ಸಾಲಿನಲ್ಲಿ ಕೃಷ್ಣಸ್ವಾಮಿಯವರು ಕಂಡರು. ಈ ಸಲ ಕನ್ನಡಕ ಹಾಕಿದ್ದರು. ಪಕ್ಕದಲ್ಲಿ ಶೈಲಮ್ಮ ಪರ್ಸನ್ನು ಎದೆಗೊತ್ತಿಕೊಂಡು ಕುಳಿತಿದ್ದರು. ಅವರು ಬರುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಗಡಿಯಾರ ಎರಡು ನಿಮಿಷದಿಂದ ಇಳಿಯತೊಡಗಿತು. ಪದ್ಮಜಾ ಹಾಳೆ ಬಿಡಿಸಿದಳು. ಹಳೆಯ ವಾಕ್ಯದ ಮೇಲೆ ಗೀಟು ಹಾಕಿ ಹೊಸದನ್ನು ಬರೆದಿದ್ದಳು. ಅದನ್ನು ನಿಧಾನವಾಗಿ, ಪ್ರತಿ ಪದವೂ ಕೇಳುವಂತೆ ಇಂಗ್ಲಿಷಿನಲ್ಲಿ ಓದಿದಳು: ‘ಕಳೆದ ಸೋಮವಾರ ಒಬ್ಬರು ನನ್ನ ಕೌಂಟರಿಗೆ ಕೈಪಿಸ್ತೂಲು ತಂದರು; ಗೌರವವಿಟ್ಟು ನಾನು ಅವರಿಗೆ ಪ್ರಶ್ನೆ ಕೇಳಲಿಲ್ಲ.’

ಕೃಷ್ಣಸ್ವಾಮಿಯವರು ತಲೆ ತಗ್ಗಿಸಲಿಲ್ಲ. ಮುಂದುವರಿಸು ಎಂಬಂತೆ ಒಮ್ಮೆ ಕೈಯಾಡಿಸಿದರು, ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅವಳಿಗೆ ರಿವರ್ಸ್ ಕಲಿಸುವಾಗ ಕಾರಿನ ಹಿಂದೆ ನಿಂತು ಆಡಿಸುತ್ತಿದ್ದಂತೆಯೇ.

ಗಡಿಯಾರದಲ್ಲಿ ಇನ್ನೂ ಒಂದು ನಿಮಿಷ ನಲವತ್ತೈದು ಸೆಕೆಂಡು ಉಳಿದಿತ್ತು. ಪದ್ಮಜಾ ಎರಡನೆಯ ವಾಕ್ಯ ಓದಿದಳು.