ಒಂಟೆಕತ್ತಿನ ಗಾಳಿ

ಜವೆಗೋಧಿಯ ಕೊಯ್ಲು ಮುಗಿದು ಕಣಗಳಲ್ಲಿ ತೂರುವ ಕೆಲಸ ನಡೆದಿತ್ತು. ಡೀಸೆಲ್ ಇಲ್ಲದೆ ಕೊಯ್ಲು ಯಂತ್ರ ಎರಡನೇ ವರ್ಷವೂ ಶೆಡ್ಡಿನಲ್ಲೇ ನಿಂತಿದ್ದರಿಂದ ನಮ್ಮೂರು ಕಾರಾ-ಬುಲುಂಗ್‌ನವರು ಅಜ್ಜಂದಿರ ಕಾಲದ ಮರದ ಕವೆಗೋಲುಗಳನ್ನು ಅಟ್ಟದಿಂದ ಇಳಿಸಿದ್ದರು. ಕುದುರೆಗಳಿಂದ ತುಳಿಸಿದ ರಾಶಿಯನ್ನು ಎತ್ತಿ ಗಾಳಿಗೆ ಹಿಡಿದರೆ ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಕಾಲುವೆಯ ಆಚೆಗೆ ಹಾರುತ್ತದೆ. ನಮ್ಮಲ್ಲಿ ಹನ್ನೊಂದು ಗಂಟೆಗೆ ಕಣಿವೆಯ ಕೆಳಗಿನಿಂದ ಗಾಳಿ ಏರುತ್ತದೆ. ಅದನ್ನು ನಂಬಿಯೇ ಹದಿನಾಲ್ಕು ಕಣಗಳನ್ನು ರನ್‌ವೇ ಪಕ್ಕದ ಬಯಲಿನಲ್ಲಿ ಮಾಡಿದ್ದರು.

ಆ ರನ್‌ವೇ ಎಂದರೆ ಹುಲ್ಲು ಕೆರೆದ ಒಂದು ಪಟ್ಟಿ, ಗಾಳಿಯ ದಿಕ್ಕು ತೋರಿಸುವ ಒಂದು ಗಾಳಿಚೀಲ, ಹವಾಮಾನ ಬರೆದುಕೊಳ್ಳುವ ನನ್ನ ಕೋಣೆ, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಗಾಳಿ ಎಷ್ಟು, ಯಾವ ಕಡೆಯಿಂದ ಎಂದು ಬರೆಯುವುದೇ ನನ್ನ ಕೆಲಸ. ಉಳಿದಿದ್ದ ಒಂದೇ ಹಳೆಯ ಎರಡು ರೆಕ್ಕೆಜೋಡಿಯ ವಿಮಾನವನ್ನು ನನ್ನ ತಮ್ಮ ಸಮುದಿನ್ ಹಾರಿಸುತ್ತಿದ್ದ. ಹಿಟ್ಟು, ಉಪ್ಪು, ಸೀಮೆಎಣ್ಣೆಯನ್ನು ಘಾಟಿಯಾಚೆಯ ಊರುಗಳಿಗೆ ಒಯ್ದು ಮಧ್ಯಾಹ್ನದೊಳಗೆ ಮರಳುತ್ತಿದ್ದ.

ಆ ಬೇಸಿಗೆ ಶುರುವಾಗುವಾಗ ರಾಜಧಾನಿಯ ಒಂದು ಸಂಸ್ಥೆಯಿಂದ ರೈಖಾನ್ ಎಂಬ ಹೆಣ್ಣುಮಗಳು ಬಂದಿದ್ದಳು. ಸಂಭವದ ಲೆಕ್ಕ ಓದಿದವಳು. ನಾಲ್ಕು ದಿನ ನಮ್ಮ ಮನೆಯಲ್ಲೇ ಉಳಿದು, ಸಮುದಿನ್ ಜೊತೆ ಎರಡು ಸಲ ಹಾರಿ, ವಾಂತಿ ಮಾಡಿಕೊಂಡು ಬಂದು ಚಹಾ ಕುಡಿಯುತ್ತ ಹೇಳಿದಳು:

"ವಿಮಾನ ಬೀಳೋದು ಗಾಳಿಯಿಂದಲ್ಲ, ಬಾತ್ಮಾ ಅಕ್ಕ. ಗಾಳಿ ಬರೋಕೆ ಮುಂಚೆ ಪೈಲಟ್‌ನ ಮನಸ್ಸು ಆ ಜಾಗಕ್ಕೆ ಹೋಗಿರಲ್ವಲ್ಲ, ಅದರಿಂದ. ಮನಸ್ಸು ಎಷ್ಟು ಮುಂಚೆ ಹೋಗುತ್ತೆ ಅನ್ನೋದನ್ನೇ ನಾನು ಲೆಕ್ಕ ಹಾಕೋದು."

"ಇವನ ಮನಸ್ಸು ಊಟದ ಹೊತ್ತಿಗೆ ಮಾತ್ರ ಮುಂಚೆ ಹೋಗುತ್ತೆ," ಎಂದೆ ನಾನು.

"ಅದೂ ಲೆಕ್ಕಕ್ಕೆ ಸಿಗುತ್ತೆ," ಎಂದು ಅವಳು ನಕ್ಕಳು.

ಅವಳ ಕ್ರಮ ಸರಳವಾಗಿತ್ತು. ಘಾಟಿಯ ದಾರಿಯಲ್ಲಿ ಮೂರು ಕಡೆ ಗಾಳಿ ವಿಮಾನವನ್ನು ಕೆಳಕ್ಕೆ ಒತ್ತುತ್ತದೆ: ಕೆಂಪುಬಂಡೆ, ಒಂಟೆಕತ್ತು, ಹಿಮಬಾಯಿ. ಹೊರಡುವ ಮೊದಲು ಸಮುದಿನ್ ಒಂದು ಚೀಟಿಯಲ್ಲಿ ಆ ದಿನ ಒಂದೊಂದು ಕಡೆ ಗಾಳಿ ಒತ್ತುವ ಸಂಭವ ಹತ್ತಕ್ಕೆ ಎಷ್ಟು ಎಂದು ಬರೆದುಕೊಡಬೇಕು. ನಾನು ಅದನ್ನು ಪುಸ್ತಕಕ್ಕೆ ಏರಿಸಿ, ರಾಜಧಾನಿಗೆ ಮರಳಿದ ಅವಳಿಗೆ ರೇಡಿಯೊದಲ್ಲಿ ಓದಿ ಹೇಳಬೇಕು. ಅವನು ಮರಳಿದ ಮೇಲೆ ಬಂತೋ ಇಲ್ಲವೋ ಎಂದು ಬರೆಯಬೇಕು.

ತಮ್ಮನ ಅಂಕಿಗಳು ಬಹಳ ನಿಜವಾಗಿದ್ದವು. ಏಳು ಎಂದು ಬರೆದ ಹತ್ತು ದಿನಗಳಲ್ಲಿ ಏಳು ದಿನ ಗಾಳಿ ಒತ್ತಿತ್ತು. ರೈಖಾನ್ ರೇಡಿಯೊದಲ್ಲೇ ಕುಣಿದಾಡಿದಳು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ನನ್ನನ್ನು ಸಾಕಿದ ಅಜ್ಜಿ ತೋಳವನ್ನು ತೋಳ ಎಂದು ಕರೆದವಳಲ್ಲ, ಉದ್ದಬಾಲದ್ದು ಎನ್ನುತ್ತಿದ್ದಳು. ಸಿಡುಬಿನ ಹೆಸರು ಎತ್ತುತ್ತಿರಲಿಲ್ಲ. ಕೆಟ್ಟದ್ದನ್ನು ಹೆಸರಿಟ್ಟು ಕರೆದರೆ ಅದು ತಲೆ ಎತ್ತಿ ನೋಡುತ್ತದೆ ಎಂಬ ನಂಬಿಕೆಯ ಮನೆಯಲ್ಲಿ ಬೆಳೆದವಳು ನಾನು. ಈಗ ದಿನಾ ಬೆಳಿಗ್ಗೆ ತಮ್ಮನ ಅಪಾಯವನ್ನು ನನ್ನದೇ ಬಾಯಲ್ಲಿ, ಅಂಕಿ ಸಮೇತ, ಗಾಳಿಯಲ್ಲಿ ಕೂಗಬೇಕಿತ್ತು.

ತೂರುವ ಕೆಲಸ ಶುರುವಾದ ದಿನ ಅವನು ಒಂಟೆಕತ್ತಿಗೆ ಒಂಬತ್ತು ಎಂದು ಬರೆದ. ಒಂಬತ್ತನ್ನು ಅವನು ಅದುವರೆಗೆ ಬರೆದಿರಲಿಲ್ಲ. ವಿಮಾನ ಏರುವುದನ್ನು ನೋಡಿದೆ. ಒಳಗೆ ಬಂದೆ. ಪುಸ್ತಕದಲ್ಲಿ ಮೂರು ಕಡೆಗೂ ಸೊನ್ನೆ ಬರೆದೆ. ಸೊನ್ನೆ ಎಂದೇ ರೇಡಿಯೊದಲ್ಲಿ ಓದಿದೆ. ಚೀಟಿಯನ್ನು ಒಲೆಗೆ ಹಾಕಿದೆ.

ಸಮುದಿನ್ ಹೊತ್ತಿಗೆ ಸರಿಯಾಗಿ ಬಂದಿಳಿದ.

"ಒಂಟೆಕತ್ತಲ್ಲಿ ಹೇಗಿತ್ತೋ?"

"ಏನೂ ಇಲ್ಲ ಅಕ್ಕ. ಬಟ್ಟಲಲ್ಲಿ ನಿಂತ ನೀರಿನ ಹಾಗಿತ್ತು," ಎಂದು ತಲೆ ಕೆರೆದುಕೊಂಡ. "ವಿಚಿತ್ರ."

ಮರುದಿನ ಅವನು ಆರು ಬರೆದ, ನಾನು ಸೊನ್ನೆ ಓದಿ ಚೀಟಿ ಸುಟ್ಟೆ. ಅದರ ಮರುದಿನವೂ ಹಾಗೇ. ಗಾಳಿ ಅವನನ್ನು ಮುಟ್ಟಲಿಲ್ಲ.

ಕಣಗಳನ್ನೂ ಮುಟ್ಟಲಿಲ್ಲ. ಹನ್ನೊಂದು ಗಂಟೆಗೆ ಗಂಡಸರು ಕವೆಗೋಲು ಎತ್ತುತ್ತಿದ್ದರು. ಹೊಟ್ಟು ನೇರ ಮೇಲೆ ಹೋಗಿ, ನೇರ ಕಾಳಿನ ಮೇಲೇ ಇಳಿಯುತ್ತಿತ್ತು. ಗಾಳಿಚೀಲ ಹೆಣದ ಕೈಯಂತೆ ಜೋತು ಬಿದ್ದಿತ್ತು. ವಿಮಾನ ಎಬ್ಬಿಸಿದ ಧೂಳು ಅದು ಓಡಿದಷ್ಟು ಉದ್ದಕ್ಕೂ ಗೋಡೆಯಂತೆ ನಿಂತು ಮಧ್ಯಾಹ್ನದವರೆಗೂ ಕರಗುತ್ತಿರಲಿಲ್ಲ. ಊರಿನ ಹೊಗೆಗಳೆಲ್ಲ ಕಂಬಗಳಾಗಿ ನಿಂತವು. ನಾಯಿಗಳು ಬೊಗಳುವುದನ್ನು ಬಿಟ್ಟವು. ಇಪ್ಪತ್ತೆರಡು ವರ್ಷದ ನನ್ನ ಪುಸ್ತಕಗಳಲ್ಲಿ ಎರಡು ದಿನ ಸಾಲಾಗಿ ಗಾಳಿಯಿಲ್ಲ ಎಂದು ಬರೆದದ್ದಿರಲಿಲ್ಲ. ಈಗ ಹದಿನೇಳು ದಿನ ಬರೆದಿದ್ದೆ.

"ಏನಮ್ಮಾ ಬಾತ್ಮಾ, ಗಾಳೀನ ಕೋಣೇಲಿ ಕೂಡಿ ಹಾಕಿದೀಯಾ? ಬಾಗಿಲು ತೆಗಿ, ಒಂಚೂರು ಬಿಡು," ಎಂದು ಮೊದಲ ಕಣದ ಅಸಾನಾಲಿ ತಾತ ತಮಾಷೆ ಮಾಡಿದ. ನನಗೆ ನಗು ಬರಲಿಲ್ಲ.

ರೈಖಾನ್ ರೇಡಿಯೊದಲ್ಲಿ ಹೇಳಿದಳು: "ಅಕ್ಕ, ಈ ಸೊನ್ನೆಗಳು ನನಗೆ ಬೇಡ. ಒಂದು ಸಲ ಸಂಭವ ಸೊನ್ನೆ ಅಂತ ಇಟ್ಟರೆ, ಆಮೇಲೆ ಏನು ತಂದು ಗುಣಿಸಿದರೂ ಸೊನ್ನೆಯೇ. ಲೆಕ್ಕ ಏನನ್ನೂ ಕಲಿಯಲ್ಲ. ಕಣ್ಣೆದುರಿಗೆ ಗಾಳಿ ಬಂದರೂ ನಂಬಲ್ಲ. ಪೈಲಟ್ ಹಾಗಾದರೆ ಏನಾಗುತ್ತೆ ಗೊತ್ತಲ್ಲ?"

ಹದಿನೆಂಟನೆಯ ಬೆಳಿಗ್ಗೆ ಸಮುದಿನ್ ಕೊಟ್ಟ ಚೀಟಿಯನ್ನು ನೋಡಿದೆ. ಅವನದೇ ಕೈಬರಹ. ಸೊನ್ನೆ. ಸೊನ್ನೆ. ಸೊನ್ನೆ.

"ಇದೇನೋ?"

"ಮತ್ತೇನು ಬರೀಲಿ? ಏಳು ಅಂತೀನಿ, ಬರಲ್ಲ. ಎಂಟು ಅಂತೀನಿ, ಬರಲ್ಲ. ಮುಂಚೆ ಒಂಟೆಕತ್ತು ಬರೋಕೆ ಮೊದಲೇ ಬೆನ್ನು ತಣ್ಣಗಾಗ್ತಿತ್ತು. ಈಗ ಬೆನ್ನೂ ಸುಮ್ಮನಾಗಿದೆ. ನಿನ್ನೆ ಅಲ್ಲಿ ಸ್ಟೀರಿಂಗ್ ಬಿಟ್ಟು ಸೇಬು ತಿಂದೆ, ಅಕ್ಕ."

ಅವನ ಮುಖದಲ್ಲಿ ನಿದ್ದೆಗಣ್ಣಿನವನ ನೆಮ್ಮದಿ ಇತ್ತು. ಹೆದರದೇ ಇರುವ ನನ್ನ ತಮ್ಮನನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಆ ನೆಮ್ಮದಿಯನ್ನು ಕೊಟ್ಟವಳು ನಾನೇ. ಎಲ್ಲವನ್ನೂ ಹೇಳಿಬಿಟ್ಟೆ.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೂದಿಯನ್ನು ನೋಡಿದ.

"ಎಷ್ಟು ಸುಟ್ಟೆ?"

"ಹದಿನೇಳು."

"ಅಷ್ಟು ಗಾಳಿ ಎಲ್ಲಿಗೆ ಹೋಯ್ತು ಹಾಗಾದ್ರೆ?"

ಕಿಟಕಿಯಾಚೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಇಬ್ಬರೂ ಘಾಟಿಯ ಕಡೆ ನೋಡಿದೆವು. ಅಲ್ಲಿ ಏನೋ ಒತ್ತಿಕೊಂಡು, ಉಸಿರು ಬಿಗಿಹಿಡಿದು ನಿಂತ ಹಾಗಿತ್ತು.

"ಇವತ್ತು ಹೋಗ್ಬೇಡ," ಎಂದೆ.

"ಹಾರದಿದ್ರೆ ಚೀಟಿ ಇಲ್ಲ, ಚೀಟಿ ಓದದಿದ್ರೆ ಆ ಗಾಳಿ ಬಿಡಲ್ಲ. ಇವತ್ತಲ್ಲ ನಾಳೆ ಹೋಗ್ಲೇಬೇಕಲ್ಲ." ಸೊನ್ನೆಗಳನ್ನು ಹೊಡೆದುಹಾಕಿ ಮಸಿ ಪೆನ್ನಿನಲ್ಲಿ ಒಂಬತ್ತು, ಒಂಬತ್ತು, ಒಂಬತ್ತು ಎಂದು ಬರೆದ. "ಹತ್ತರಲ್ಲಿ ಒಂದೊಂದು ನನಗೇ ಇಟ್ಕೊಂಡಿದೀನಿ. ಬರುತ್ತೆ ಅಂತ ಗೊತ್ತಿದ್ರೆ ಅದಕ್ಕಿಂತ ಮುಂಚೆ ನಾನು ಅಲ್ಲಿರ್ತೀನಿ, ಅಕ್ಕ. ಗೊತ್ತಿಲ್ದೆ ಹೋಗಿದ್ರೆ ಇವತ್ತೇ ಕಥೆ ಮುಗೀತಿತ್ತು. ಇದ್ದದ್ದನ್ನ ಇದ್ದ ಹಾಗೆ ಓದು."

ಅರ್ಧ ಸರಕನ್ನು ಇಳಿಸಿಟ್ಟು ಹೊರಟ. ನಾನು ಮೈಕು ಹಿಡಿದು ಮೂರು ಒಂಬತ್ತನ್ನೂ ಓದಿದೆ.

ಕೊನೆಯ ಒಂಬತ್ತು ಬಾಯಿಂದ ಬೀಳುವ ಹೊತ್ತಿಗೆ ಗಾಳಿಚೀಲ ಒಂದು ಸಲ ನಡುಗಿತು. ಆಮೇಲೆ ನೆಟ್ಟಗೆ ಅಡ್ಡ ನಿಂತಿತು. ಕಣಗಳಿಂದ ಕೇಕೆ ಎದ್ದಿತು. "ಬಂತು! ಎತ್ರೋ, ಬಂತು!" ಎಂದು ಅಸಾನಾಲಿ ತಾತ ಕೂಗುತ್ತಿದ್ದ. ಹೊಟ್ಟು ಹಳದಿ ಮೋಡವಾಗಿ ಕಾಲುವೆ ದಾಟಿತು. ಊರು ನಗುತ್ತಿದ್ದಾಗ ನಾನು ರೇಡಿಯೊಗೆ ಕಿವಿಯೊತ್ತಿ ಕೂತಿದ್ದೆ.

"ಕೆಂಪುಬಂಡೆ. ಬಂತು," ಎಂದ ಸಮುದಿನ್. ಸ್ವಲ್ಪ ಹೊತ್ತಿನ ಮೇಲೆ, "ಒಂಟೆಕತ್ತು. ಮೇಲೇ ಇದ್ದೆ, ಆದ್ರೂ ಮುನ್ನೂರು ಮೀಟರ್ ಕೆಳಕ್ಕೆ ಒತ್ತಿಬಿಡ್ತು." ಆಮೇಲೆ ಮಾತಿಲ್ಲ. ಹಿಮಬಾಯಿಯ ಹೊತ್ತು ಬಂದು ಹೋಯಿತು. ರೇಡಿಯೊದಲ್ಲಿ ಕೇಳಿಸಿದ್ದು ಗಾಳಿಯ ಸದ್ದೊಂದೇ. ಅದು ನಿಧಾನವಾಗಿ, ಎಣಿಸುವವರಂತೆ, ನಡುನಡುವೆ ನಿಂತು ನಿಂತು ಬೀಸುತ್ತಿತ್ತು.

ಒಂದೂವರೆಗೆ ವಿಮಾನ ಇಳಿಯಿತು. ಕೆಳರೆಕ್ಕೆಯ ಬಟ್ಟೆ ಹರಿದು ಪಟಪಟ ಹೊಡೆದುಕೊಳ್ಳುತ್ತಿತ್ತು. ಸಮುದಿನ್ ಇಳಿದು, ಮೂಗಿನ ರಕ್ತವನ್ನು ತೋಳಿಗೆ ಒರೆಸಿಕೊಂಡು, "ಹಿಮಬಾಯಿ. ಬಂತು," ಎಂದ.

ಅವನ ಕಾಲು ನೆಲಕ್ಕೆ ತಾಗಿದ್ದೇ ಗಾಳಿ ಕತ್ತರಿಸಿದ ಹಾಗೆ ನಿಂತಿತು. ಹರಿದ ಬಟ್ಟೆ ಜೋತುಬಿತ್ತು. ಒಂದು ಕಣದ ಜವೆ ಮಾತ್ರ ಹಸನಾಗಿ ಬಿಸಿಲಿಗೆ ಹೊಳೆಯುತ್ತಿತ್ತು. ಅರ್ಧಕ್ಕೆ ನಿಂತ ಉಳಿದ ಹದಿಮೂರು ರಾಶಿಗಳ ಸುತ್ತ ಜನ ಕವೆಗೋಲು ಎತ್ತಿದ ಹಾಗೇ ನಿಂತು ನಮ್ಮ ಕಡೆ ನೋಡುತ್ತಿದ್ದರು.

ನಾನು ಸುಟ್ಟಿದ್ದು ಹದಿನೇಳು ದಿನದ ಗಾಳಿ. ಆ ಸಾಲದಲ್ಲಿ ತೀರಿದ್ದು ಒಂದು ದಿನದ್ದು.

ಸಮುದಿನ್ ಘಾಟಿಯ ಕಡೆ ನೋಡಿದ. ಮತ್ತೆ ತಣ್ಣಗಾದ ಬೆನ್ನನ್ನು ಒಂದು ಸಲ ಕೊಡವಿಕೊಂಡ.

"ಸೂಜಿ, ದಾರ ಕೊಡು. ಸಂಜೆಯೊಳಗೆ ರೆಕ್ಕೆ ಹೊಲೀಬೇಕು," ಎಂದ.

ನಾನು ದಾರ ತರಲು ಒಳಗೆ ಹೋದೆ.